ಬರಹದ ಕೂಲಿಯೂ ಬರೆದವನ ಲೆಕ್ಕವೂ

ಓದತಕ್ಕ ವೇದಭಾಗಗಳು: ಯೆರೆಮೀಯ 36ನೆಯ ಅಧ್ಯಾಯ, ಲೂಕ 1:1-4, ರೋಮಾಪುರದವರಿಗೆ 16:1, 2, 22, ಜ್ಞಾನೋಕ್ತಿಗಳು 11:1.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳ ಕ್ರೈಸ್ತ ಕುಟುಂಬಗಳಲ್ಲಿ ಗದ್ದೆ ತೋಟ ಮಾಡುವವರೂ, ಬೀಡಿ ಕಟ್ಟುವವರೂ, ಮರಗೆಲಸದವರೂ, ಶಾಲೆಯಲ್ಲಿ ಕಲಿಸುವವರೂ, ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುವವರೂ ಇದ್ದಾರೆ. ಇವರ ಕೆಲಸ ಏನೆಂಬದು ನೆರೆಮನೆಯವರಿಗೆ ಕಣ್ಣಾರೆ ಕಾಣುತ್ತದೆ. ಆದರೆ ಈ ಕಾಲದಲ್ಲಿ ನಮ್ಮ ಕೆಲವು ಯೌವನಸ್ಥರು ಹಿಡಿದಿರುವ ಒಂದು ಕೆಲಸವು ಹಾಗೆ ಕಾಣುವಂಥದ್ದಲ್ಲ. ಅವರು ಯಾವ ಕಚೇರಿಯಲ್ಲಿಯೂ ಸಂಬಳಕ್ಕೆ ಸೇರದೆ, ಮನೆಯ ಚಾವಡಿಯಲ್ಲಿಯೇ ಕೂತು, ಒಂದು ತಿಂಗಳು ಬೆಂಗಳೂರಿನ ವರ್ತಕನಿಗೆ ಜಾಹೀರಾತಿನ ಮಾತುಗಳನ್ನೂ, ಮತ್ತೊಂದು ತಿಂಗಳು ಒಂದು ಸಹಕಾರಿ ಸಂಘಕ್ಕೆ ವರದಿಯನ್ನೂ ಬರೆಯುತ್ತಾರೆ. ನಡುವೆ ಒಂದು ಭಾಷಾಂತರವೂ, ಮಕ್ಕಳ ಕಥೆಯೂ, ಹಬ್ಬದ ನಾಟಕವೂ ಅವರ ಕೈಯಿಂದ ಹೊರಡುತ್ತವೆ. ಇಂಥವರಿಗೆ ಸ್ವತಂತ್ರ ಲೇಖಕರೆಂದು ಹೆಸರು.

ಇವರ ವಿಷಯವಾಗಿ ಹೆತ್ತವರೂ ಸಭೆಯ ಹಿರಿಯರೂ ಮೂರು ಪ್ರಶ್ನೆಗಳನ್ನು ಕೇಳುವದುಂಟು. ಮೊದಲನೆಯದು, ಕೂತು ಬರೆಯುವದು ನಿಜವಾಗಿ ಒಂದು ಕೆಲಸವೋ? ಎರಡನೆಯದು, ಇಂದು ಜಾಹೀರಾತು, ನಾಳೆ ಕಥೆ ಎಂದು ಹಲವು ಕಡೆಗೆ ಹರಿಯುವವನು ಒಂದರಲ್ಲಿಯಾದರೂ ನೆಲೆಗೊಳ್ಳುವನೋ? ಮೂರನೆಯದು ಎಲ್ಲಕ್ಕಿಂತಲೂ ಭಾರವಾದದ್ದು. ಅದೇನಂದರೆ, ಹಣ ಕೊಟ್ಟವನು ಹೇಳಿದ್ದನ್ನು ಬರೆದರೆ ಆ ಮಾತಿನ ಲೆಕ್ಕವನ್ನು ಒಪ್ಪಿಸತಕ್ಕವನು ಯಾರು? ಹಣ ಕೊಟ್ಟವನೋ, ಬರೆದವನೋ? ಈ ಪಾಠದಲ್ಲಿ ಈ ಮೂರನ್ನು ಕ್ರಮವಾಗಿ ವಿಚಾರಿಸೋಣ.

1. ವೇದದಲ್ಲಿ ಕಾಣುವ ಬರಹಗಾರರು

ಬರೆಯುವದು ಕೆಲಸವೋ ಎಂದು ಕೇಳುವವರು ಮೊದಲು ಬಾರೂಕನನ್ನು ನೋಡಲಿ. ಯೆರೆಮೀಯನು ಹೇಳುತ್ತಾ ಹೋದ ಹಾಗೆ ಇವನು ಮಸಿಯಿಂದ ಸುರುಳಿಯಲ್ಲಿ ಬರೆದನು. ಬರೆದದ್ದನ್ನು ಜನರ ಮುಂದೆ ಓದುವ ಅಪಾಯವೂ ಇವನ ಪಾಲಿಗೇ ಬಂತು. ಅರಸನಾದ ಯೆಹೋಯಾಕೀಮನು ಚಳಿಗಾಲದ ಮನೆಯಲ್ಲಿ ಬೆಂಕಿಯ ಮುಂದೆ ಕೂತುಕೊಂಡು, ಓದಿದ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಚೂರಿಯಿಂದ ಕೊಯ್ದು, ಸುರುಳಿಯೆಲ್ಲಾ ತೀರುವ ತನಕ ಬೆಂಕಿಗೆ ಹಾಕಿದನು. ಎಷ್ಟೋ ದಿವಸಗಳ ಕೈಕೆಲಸವು ಒಂದು ಗಳಿಗೆಯಲ್ಲಿ ಬೂದಿಯಾಯಿತು. ಆಗ ಬಾರೂಕನು ಏನು ಮಾಡಿದನು? ಬೇರೊಂದು ಸುರುಳಿಯನ್ನು ತೆಗೆದುಕೊಂಡು ಮೊದಲಿನಿಂದ ಬರೆದನು. ಅದರಲ್ಲಿ ಮೊದಲಿಗಿಂತ ಹೆಚ್ಚು ಮಾತುಗಳು ಸೇರಿದವು. ಬರಹದ ಕೆಲಸಕ್ಕೆ ಬೆವರಿಲ್ಲವೆಂದು ಹೇಳುವವರು ಈ ಎರಡನೆಯ ಸುರುಳಿಯನ್ನು ನೆನಸಲಿ.

ಎರಡನೆಯವನು ತೆರ್ತ್ಯನು. ರೋಮಾಪುರದ ಸಭೆಗೆ ಹೋದ ಪತ್ರವು ಪೌಲನದೆಂದು ನಾವೆಲ್ಲರೂ ಬಲ್ಲೆವು. ಅದನ್ನು ಬರೆದ ಕೈ ತೆರ್ತ್ಯನದು. ಪತ್ರದ ಕೊನೆಯಲ್ಲಿ ಅವನು ತನ್ನ ಹೆಸರು ಹೇಳಿ ಒಂದೇ ಒಂದು ವಂದನೆಯನ್ನು ಸೇರಿಸಿದ್ದಾನೆ. ಪೌಲನ ಮಾತನ್ನು ತನ್ನದೆಂದು ಹೇಳಿಕೊಳ್ಳಲಿಲ್ಲ. ತನ್ನ ಕೆಲಸವನ್ನು ಮರೆಮಾಡಲೂ ಇಲ್ಲ. ಇದೇ ಅಧ್ಯಾಯದಲ್ಲಿ ಕೆಂಖ್ರೆಯ ಸಭೆಯ ಸೇವಕಳಾದ ಫೊಯಿಬೆಯನ್ನು ಪೌಲನು ರೋಮಾಪುರದವರಿಗೆ ಒಪ್ಪಿಸುತ್ತಾನೆ. ಆಕೆಯೇ ಆ ಪತ್ರವನ್ನು ಒಯ್ದಳೆಂದು ಅನೇಕ ವೇದಪಂಡಿತರ ಅಭಿಪ್ರಾಯ. ಹೀಗೆ ಒಬ್ಬನು ಹೇಳಿದನು, ಒಬ್ಬನು ಬರೆದನು, ಒಬ್ಬಳು ಮುಟ್ಟಿಸಿದಳು. ಇವರಲ್ಲಿ ಯಾರೂ ಬೇಡವಾದವರಲ್ಲ.

ಮೂರನೆಯವನು ಲೂಕನು. ಥೆಯೊಫಿಲನಿಗಾಗಿ ಬರೆಯುವ ಮುಂಚೆ ತಾನು ಎಲ್ಲವನ್ನೂ ಬುಡದಿಂದ ವಿಚಾರಿಸಿ ಕ್ರಮವಾಗಿ ಬರೆಯುವದಾಗಿ ಅವನು ಹೇಳುತ್ತಾನೆ. ಕಿವಿಗೆ ಬಿದ್ದದ್ದನ್ನು ಬರೆಯುವದು ಸುಲಭ. ವಿಚಾರಿಸಿ ಬರೆಯುವದು ಕಷ್ಟ. ಈ ಮೂವರಿಂದ ನಾವು ಕಲಿಯುವದೇನಂದರೆ, ಬರಹದ ಕೆಲಸದಲ್ಲಿ ಮೂರು ಗುಣಗಳು ಬೇಕು: ಸುಟ್ಟುಹೋದರೂ ಪುನಃ ಬರೆಯುವ ತಾಳ್ಮೆ, ಮತ್ತೊಬ್ಬನ ಮಾತನ್ನು ಕೆಡಿಸದೆ ಒಪ್ಪಿಸುವ ನಂಬಿಗಸ್ತಿಕೆ, ಬರೆಯುವ ಮುಂಚೆ ವಿಚಾರಿಸುವ ಶ್ರದ್ಧೆ.

2. ಒಂದೇ ಕೈಯಲ್ಲಿ ಹಲವು ಬಗೆಯ ಬರಹ

ಎರಡನೆಯ ಪ್ರಶ್ನೆಗೆ ಉತ್ತರವು ನಮ್ಮ ಮಂಗಳೂರಿನಲ್ಲಿಯೇ ದೊರೆಯುತ್ತದೆ. 1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗ್ ಅಯ್ಯನವರು 1836ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಅವರು ಕೂಲಿಗೆ ಬರೆದವರಲ್ಲ. ಬಾಸೆಲ್ ಮಿಶನಿನ ಸೇವಕರಾಗಿದ್ದರು. ಆದರೂ ಅವರ ಕೈಯಿಂದ ಹೊರಟ ಬರಹಗಳ ಬಗೆಗಳನ್ನು ಎಣಿಸಿದರೆ ಈಗಿನ ಸ್ವತಂತ್ರ ಲೇಖಕನೂ ಬೆರಗಾಗುವನು.

ಮಂಗಳೂರಿನಲ್ಲಿ 1841ರಲ್ಲಿ ಮಿಶನಿನ ಕಲ್ಲಚ್ಚಿನ ಮುದ್ರಣಾಲಯವು ಪ್ರಾರಂಭವಾಯಿತು. ಕಲ್ಲಚ್ಚೆಂದರೆ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುವ ಅಚ್ಚಲ್ಲ. ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ನುಣುಪಾದ ಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಮಸಿಯನ್ನು ಸವರಿದರೆ, ಜಿಡ್ಡಿರುವಲ್ಲಿ ಮಾತ್ರ ಮಸಿ ಹಿಡಿಯುತ್ತದೆ; ಅದರ ಮೇಲೆ ಕಾಗದವನ್ನು ಒತ್ತಿದರೆ ಕೈಬರಹವೇ ಅಚ್ಚಾಗುತ್ತದೆ. ಇಂಥ ಅಚ್ಚಿನಲ್ಲಿ 1843ನೆಯ ಜುಲೈ 1ರಂದು ಮೋಗ್ಲಿಂಗ್ ಅಯ್ಯನವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಇದೇ ಕನ್ನಡದ ಮೊದಲನೆಯ ವರ್ತಮಾನಪತ್ರಿಕೆ. ಅದಕ್ಕೋಸ್ಕರ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ತಿಂಗಳಿಗೆ ಎರಡು ಸಾರಿ ಹೊರಟ ಆ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರಕಾರದ ನಿರೂಪಗಳು, ಬೇರೆ ರಾಜ್ಯಗಳ ಸುದ್ದಿ, ಬುದ್ಧಿಮಾತು, ಕಥೆ ಮುಂತಾದವು ಇದ್ದವು. ಪೇಟೆಯಲ್ಲಿ ಬಾಯಿಂದ ಬಾಯಿಗೆ ಹಬ್ಬಿ ಮರುದಿವಸ ಸುಳ್ಳಾಗಿ ಕಾಣುವ ಗಾಳಿಸುದ್ದಿಗೆ ಬದಲಾಗಿ ಜನರಿಗೆ ನಿಜವಾದ ವರ್ತಮಾನ ಸಿಕ್ಕಬೇಕೆಂಬದೇ ಅದರ ಉದ್ದೇಶವಾಗಿತ್ತು. ಎಂಟು ತಿಂಗಳ ತರುವಾಯ, 1844ರಲ್ಲಿ, ಪತ್ರಿಕೆಯು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ಪಡೆಯಿತು.

ವರ್ತಮಾನವನ್ನು ಬರೆದ ಅದೇ ಕೈ ಕನ್ನಡದ ಹಳೆಯ ಕಾವ್ಯಗಳನ್ನು ಕೂಡಿಸುವ ಕೆಲಸಕ್ಕೂ ತೊಡಗಿತು. 1848ರಿಂದ ಅವರು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯನ್ನು ಹೊರಡಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವು ಅದರಲ್ಲಿ ಅಚ್ಚಾದವು. ಇದಕ್ಕೆ ಬೇಕಾದ ಹಣವನ್ನು ಕೊಟ್ಟವರು ನ್ಯಾಯಾಧಿಪತಿಗಳಾಗಿದ್ದ ಕಾಸಾಮೇಜರ್ ಎಂಬ ದೊರೆಗಳು. ಇಲ್ಲಿ ಗಮನಿಸತಕ್ಕ ಒಂದು ಮಾತುಂಟು. ಹಣ ಕೊಟ್ಟವರು ಕ್ರೈಸ್ತರು, ಕೆಲಸ ಮಾಡಿದವರು ಕ್ರೈಸ್ತ ಬೋಧಕರು. ಅಚ್ಚಾದ ಗ್ರಂಥಗಳಾದರೋ ವೈಷ್ಣವರ ಮತ್ತು ವೀರಶೈವರವು. ತಮ್ಮ ನಂಬಿಕೆಯನ್ನು ಬಿಟ್ಟುಕೊಡದೆ, ನೆರೆಯವರ ಮಾತನ್ನು ಅವರ ಮಾತಾಗಿಯೇ ಕಾಪಾಡಿದ್ದು ತೆರ್ತ್ಯನ ಗುಣವಲ್ಲವೇ?

ಇದಲ್ಲದೆ ಅವರು ಉಪದೇಶಿಗಳನ್ನು ಸಿದ್ಧಪಡಿಸುವ ಶಾಲೆಯಲ್ಲಿ ಕಲಿಸಿದರು. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿದರು. ಕೊಡಗಿಗೆ ಹೋಗಿ ಅಲ್ಲಿಯ ಜನರ ವಿಷಯವಾಗಿ 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವದ ಡಾಕ್ಟರ್ ಪದವಿಯನ್ನು ಕೊಟ್ಟಿತು. 1860ರಲ್ಲಿ ಅವರು ಸ್ವದೇಶಕ್ಕೆ ಮರಳಿ 1881ರಲ್ಲಿ ತೀರಿಕೊಂಡರು. ಹಲವು ಕಡೆಗೆ ಹರಿದ ಈ ಕೆಲಸಕ್ಕೆ ಒಂದೇ ಬುಗ್ಗೆ ಇತ್ತು: ಓದುವವನಿಗೆ ತಿಳಿಯುವ ಮಾತಿನಲ್ಲಿ ಅವನಿಗೆ ಬೇಕಾದದ್ದನ್ನು ಕೊಡಬೇಕೆಂಬ ಮನಸ್ಸು. ಬಗೆಗಳು ಹಲವಾದರೂ ಮನಸ್ಸು ಒಂದಾಗಿದ್ದರೆ ಬರಹಗಾರನಿಗೆ ನೆಲೆ ತಪ್ಪುವದಿಲ್ಲ.

3. ಸಾಕ್ಷಿಯುಳ್ಳ ಶಬ್ದ

ಮೋಗ್ಲಿಂಗ್ ಅಯ್ಯನವರ ತರುವಾಯ ಕಿಟೆಲ್ ಅಯ್ಯನವರನ್ನು ನೆನಸಬೇಕು. 1832ರಲ್ಲಿ ಹುಟ್ಟಿದ ಫರ್ಡಿನಂಡ್ ಕಿಟೆಲರು 1853ರಲ್ಲಿ ಭಾರತಕ್ಕೆ ಬಂದರು. ಇವರೂ ಒಂದೇ ಬಗೆಯ ಬರಹಕ್ಕೆ ಕಟ್ಟುಬಿದ್ದವರಲ್ಲ. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಪದ್ಯಗಳಲ್ಲಿ ಹೇಳುವ ‘ಕಥಾಮಾಲೆ’ಯನ್ನು ಪ್ರಕಟಿಸಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಪರಿಶೋಧಿಸಿ ಅಚ್ಚುಹಾಕಿಸಿದರು. 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಟಿತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಅವರು ಸತ್ತ ವರ್ಷವಾದ 1903ರಲ್ಲಿಯೇ ಅವರ ಕನ್ನಡ ವ್ಯಾಕರಣವೂ ಪ್ರಕಟವಾಯಿತು.

ಆ ನಿಘಂಟನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಕೂಡಲೆ ತಿಳಿಯುತ್ತದೆ. ಶಬ್ದದ ಅರ್ಥವನ್ನು ಹೇಳಿ ಅವರು ಸುಮ್ಮನಾಗುವದಿಲ್ಲ. ಇಂಥ ಶಬ್ದವು ಇಂಥ ಗ್ರಂಥದಲ್ಲಿ ಬಂದಿದೆ, ಇಂಥ ಸೀಮೆಯ ಜನರ ಬಾಯಲ್ಲಿದೆ ಎಂದು ಗುರುತು ಕೊಡುತ್ತಾರೆ. ಹಳ್ಳಿಯವರ ಗಾದೆಗಳನ್ನೂ ದೃಷ್ಟಾಂತಕ್ಕೆ ತರುತ್ತಾರೆ. ಸಾಕ್ಷಿಯಿಲ್ಲದ ಅರ್ಥವನ್ನು ಓದುವವನ ತಲೆಯ ಮೇಲೆ ಹೊರಿಸಬಾರದೆಂಬದು ಅವರ ನೇಮ. ಇದು ಲೂಕನ ಗುಣ. ನಮ್ಮ ಯೌವನಸ್ಥನು ಒಂದು ಸಾಬೂನಿನ ವಿಷಯ ನಾಲ್ಕು ಸಾಲು ಬರೆಯುವಾಗಲೂ ಇದೇ ನೇಮವನ್ನು ಹಿಡಿಯಬಹುದು: ನಾನು ಬರೆದ ಮಾತಿಗೆ ಸಾಕ್ಷಿ ಎಲ್ಲಿದೆ?

4. ನೆರೆಯವರಿಂದ ಕಲಿಯತಕ್ಕದ್ದು

ಕ್ರೈಸ್ತರಲ್ಲದ ನೆರೆಯವರ ಕೆಲಸದಿಂದಲೂ ನಮಗೆ ಪಾಠವುಂಟು. ಮೂಡುಬಿದಿರೆಯ ಜೈನ ಬಸದಿಯಲ್ಲಿ ಧವಳ ಮೊದಲಾದ ಸಿದ್ಧಾಂತಗ್ರಂಥಗಳ ತಾಳೆಯೋಲೆ ಪ್ರತಿಗಳು ಶತಮಾನಗಳ ತನಕ ಉಳಿದವು. ಆ ಪ್ರತಿಗಳಿಂದ ಇಳಿದುಬಂದ ಪಾಠವು 1939ರಿಂದ ಸಂಪುಟ ಸಂಪುಟವಾಗಿ ಅಚ್ಚಾಯಿತು. ಓಲೆಯ ಬರಹಗಾರನು ಕಂಟದ ಮೊನೆಯಿಂದ ಅಕ್ಷರವನ್ನು ಕೊರೆದು, ಮಸಿಯನ್ನು ಸವರಿ ಒರಸಿ, ಒಂದೊಂದು ಗರಿಯನ್ನೂ ಮುಗಿಸಬೇಕಿತ್ತು. ಅವನು ಬೇಸರದಿಂದ ಒಂದು ಸಾಲನ್ನು ಬಿಟ್ಟಿದ್ದರೆ, ಆ ಪ್ರತಿಯನ್ನು ನೋಡಿ ಬರೆದ ಎಲ್ಲಾ ಪ್ರತಿಗಳಲ್ಲಿಯೂ ಆ ಸಾಲು ಇಲ್ಲದೆ ಹೋಗುತ್ತಿತ್ತು. ಯಾರೂ ನೋಡದ ಕಡೆಯಲ್ಲಿ ಸರಿಯಾಗಿ ಬರೆದವರಿಂದಲೇ ಇಂಥ ಗ್ರಂಥಗಳು ಉಳಿದುಕೊಂಡವು.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲಾ ಉಪಾಧ್ಯಾಯರಾಗಿ, ಶಾಲೆಗಳ ಪರೀಕ್ಷಾಧಿಕಾರಿಯಾಗಿ ಜೀವನ ಮಾಡಿದರು. ಅದರ ಜೊತೆಗೆ ಮಕ್ಕಳ ಪದ್ಯ, ಸಣ್ಣ ಕಥೆ, ಪಾಠಪುಸ್ತಕ, ಪ್ರಬಂಧ ಎಲ್ಲವನ್ನೂ ಬರೆದರು. 1934ರಲ್ಲಿ ರಾಯಚೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು, 1937ರಲ್ಲಿ ತೀರಿಕೊಂಡರು. ಪಂಡಿತರ ಸಭೆಯಲ್ಲಿ ಮೇಲಿನ ಪೀಠಕ್ಕೆ ಏರಿದ ಇವರು, ಹಾವಿನ ವಿಷಯವಾಗಿ ಮಕ್ಕಳಿಗೆ ಪದ್ಯ ಬರೆಯುವದನ್ನು ಹೀನವಾದ ಕೆಲಸವೆಂದು ಎಣಿಸಲಿಲ್ಲ. ಚಿಕ್ಕ ಓದುಗನಿಗೆ ಬರೆಯುವದು ಚಿಕ್ಕ ಕೆಲಸವಲ್ಲ.

5. ಹಂಚಿನ ಬೆನ್ನ ಮೇಲಿನ ಹೆಸರು

ಈಗ ಜಾಹೀರಾತಿನ ವಿಷಯಕ್ಕೆ ಬರೋಣ. ಸರಕನ್ನು ಹೊಗಳಿ ಬರೆಯುವದೇ ಕ್ರೈಸ್ತನಿಗೆ ತಕ್ಕದ್ದಲ್ಲವೆಂದು ಕೆಲವರು ಹೇಳುತ್ತಾರೆ. ಆದರೆ ನಮ್ಮ ಹಳೆಯ ಮನೆಗಳ ಮಾಡನ್ನು ನೋಡಿರಿ. ಗಿಯೋರ್ಗ್ ಪ್ಲೆಬ್‌ಸ್ಟ್ ಅಯ್ಯನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಶನಿನ ಹಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದರು. ಹೊಳೆಗಳ ಬದಿಯ ಆವೆಮಣ್ಣನ್ನು ದೋಣಿಗಳಲ್ಲಿ ತಂದು, ಹದಮಾಡಿ, ಅಚ್ಚಿಗೆ ಒತ್ತಿ, ಸುಟ್ಟು ಮಾಡಿದ ಆ ಹಂಚುಗಳ ಮೇಲೆ ಕಾರ್ಖಾನೆಯ ಹೆಸರೂ ಊರೂ ಅಚ್ಚಾಗಿರುವದನ್ನು ಇಂದಿಗೂ ಕಾಣಬಹುದು. ಆ ಎರಡು ಮೂರು ಶಬ್ದಗಳೂ ಒಂದು ಜಾಹೀರಾತೇ. ಅದರ ಅರ್ಥವೇನು? ಈ ಹಂಚು ಸೋರಿದರೆ ಯಾರನ್ನು ಕೇಳಬೇಕೆಂಬದಕ್ಕೆ ಗುರುತು ಇಲ್ಲಿದೆ ಎಂಬದೇ. ಹಂಚು ಗಟ್ಟಿಯಾಗಿದ್ದರೆ ಹೆಸರು ಮಾನವನ್ನು ತರುತ್ತದೆ. ಹಂಚು ಬಿರುಕಾಗಿದ್ದರೆ ಅದೇ ಹೆಸರು ಅದನ್ನು ಮಾಡಿದವನ ಮೇಲೆ ಸಾಕ್ಷಿಯಾಗುತ್ತದೆ. ಒಳ್ಳೆಯ ಜಾಹೀರಾತೆಂದರೆ ಸರಕನ್ನು ಹೆಸರಿನೊಡನೆ ಕಟ್ಟುವ ಮಾತು. ಕೆಟ್ಟ ಜಾಹೀರಾತೆಂದರೆ ಸರಕಿನ ಬಿರುಕನ್ನು ಮುಚ್ಚುವ ಸುಣ್ಣ.

ಜ್ಞಾನೋಕ್ತಿಗಳ ಪುಸ್ತಕದಲ್ಲಿ ಮೋಸದ ತ್ರಾಸಿನ ವಿಷಯ ಬರೆದದೆಯಷ್ಟೆ. ಬಂಟ್ವಾಳವು ನೇತ್ರಾವತಿಯ ದಡದ ಹಳೆಯ ವ್ಯಾಪಾರದ ಪೇಟೆ. ಅಡಿಕೆಯನ್ನೂ ಅಕ್ಕಿಯನ್ನೂ ತೂಗುವವನ ಕೈ ಹೇಗಿರಬೇಕೆಂಬದನ್ನು ಅಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಶಬ್ದವೂ ಒಂದು ತೂಕದ ಕಲ್ಲು. ಸೇರಿನ ಸರಕಿಗೆ ಸೇರಿನ ಮಾತನ್ನು ಇಟ್ಟರೆ ನ್ಯಾಯ. ಸೇರಿನ ಸರಕಿಗೆ ಮಣದ ಮಾತನ್ನು ಇಟ್ಟರೆ ಕಳ್ಳತೂಕ.

ಹೀಗಾದರೆ ಮಾತು ಸಪ್ಪೆಯಾಗದೇ ಎಂದು ಕೇಳಬಹುದು. ಆಗಬೇಕೆಂದಿಲ್ಲ. ಬೆಳ್ತಂಗಡಿಯ ಬಳಿಯ ಗಡಾಯಿಕಲ್ಲನ್ನು ತೆಗೆದುಕೊಳ್ಳಿರಿ. ಅದರ ಮೇಲಿನ ಜಮಾಲಾಬಾದ್ ಕೋಟೆಯನ್ನು ಟಿಪ್ಪುಸುಲ್ತಾನನು 1794ರಲ್ಲಿ ಕಟ್ಟಿಸಿದನು. ಪ್ರವಾಸಿಗಳಿಗಾಗಿ ಅದರ ವಿಷಯ ಒಂದು ಪತ್ರ ಬರೆಯಬೇಕಾದವನು ಆ ಒಂಟಿ ಬಂಡೆಯ ಎತ್ತರವನ್ನೂ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನೂ, ಮೇಲಿನಿಂದ ಕಾಣುವ ಘಟ್ಟದ ಸಾಲನ್ನೂ ಎಷ್ಟು ಚಂದವಾಗಿ ಬಣ್ಣಿಸಿದರೂ ತಪ್ಪಿಲ್ಲ. ಆದರೆ ಮೆಟ್ಟಿಲು ಕಡಿದಾದದ್ದು, ಮಳೆಯಲ್ಲಿ ಕಲ್ಲು ಜಾರುವದು ಎಂಬ ಮಾತನ್ನು ಬಿಟ್ಟು, ಮುದುಕರೂ ಮಕ್ಕಳೂ ಸುಖವಾಗಿ ಹತ್ತಬಹುದೆಂದು ಬರೆದರೆ, ಆ ಒಂದು ಸಾಲಿನಿಂದ ಒಬ್ಬನ ಕಾಲು ಮುರಿಯಬಹುದು, ಪ್ರಾಣವೂ ಹೋಗಬಹುದು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ವಿಷಯ ಬರೆಯುವವನಿಗೆ ಅಪಾಯವಿಲ್ಲ. ಆದರೂ 1430ರಲ್ಲಿ ಕಟ್ಟಿದ ಆ ಬಸದಿಗೆ ಎರಡು ಸಾವಿರ ವರ್ಷದ ವಯಸ್ಸನ್ನು ಕೊಡುವ ಅಧಿಕಾರ ಅವನಿಗಿಲ್ಲ.

6. ಒಂದು ದೃಷ್ಟಾಂತ

ಮೂರನೆಯ ಪ್ರಶ್ನೆಯನ್ನು ಒಂದು ದೃಷ್ಟಾಂತದಿಂದ ವಿಚಾರಿಸೋಣ. ನಮ್ಮ ಸೀಮೆಯ ಒಬ್ಬ ಸ್ವತಂತ್ರ ಲೇಖಕನನ್ನು ಊಹಿಸಿರಿ. ತಂದೆಗೆ ಕೈಲಾಗದು, ತಂಗಿಯ ಕಾಲೇಜಿನ ಶುಲ್ಕ ಕಟ್ಟಬೇಕು, ಎರಡು ತಿಂಗಳಿಂದ ಕೆಲಸ ಕಡಿಮೆ. ಆಗ ಒಬ್ಬ ವ್ಯಾಪಾರಿಯು ಬಂದು, ಬೇರುಗಳ ಒಂದು ಚೂರ್ಣವನ್ನು ತೋರಿಸಿ, ಇದು ಸಕ್ಕರೆ ಕಾಯಿಲೆಯನ್ನು ನಲವತ್ತು ದಿವಸಗಳಲ್ಲಿ ಪೂರ್ಣವಾಗಿ ಗುಣಮಾಡುತ್ತದೆಂದೂ, ಬೇರೆ ಔಷಧವನ್ನು ಬಿಟ್ಟುಬಿಡಬಹುದೆಂದೂ ಬರೆದುಕೊಡು ಎನ್ನುತ್ತಾನೆ. ಕೂಲಿ ಒಳ್ಳೆಯದು, ಬರೆದವನ ಹೆಸರು ಎಲ್ಲಿಯೂ ಬರುವದಿಲ್ಲ, ಕೆಲಸ ಅರ್ಧ ದಿವಸದ್ದು.

ಈ ಮಾತನ್ನು ಯಾರು ಓದುವರು? ದಿವಸವೂ ಇನ್ಸುಲಿನ್ ಚುಚ್ಚಿಕೊಂಡು ಬೇಸತ್ತ ಒಬ್ಬ ವಿಧವೆಯು ಓದುವಳು. ಕನ್ನಡದಲ್ಲಿ ಅಚ್ಚಾದದ್ದು ನಿಜವಿರಬೇಕೆಂದು ನಂಬುವ ವಯಸ್ಸಿನವಳು ಆಕೆ. ಇನ್ಸುಲಿನನ್ನೇ ನೆಚ್ಚಿಕೊಂಡ ರೋಗಿಯು ಅದನ್ನು ನಿಲ್ಲಿಸಿದರೆ ಕೆಲವೇ ದಿವಸಗಳಲ್ಲಿ ಪ್ರಜ್ಞೆ ತಪ್ಪಿ ಸಾಯುವ ಅಪಾಯವುಂಟು. ಆಗ ವ್ಯಾಪಾರಿಯು, ನಾನು ಚೂರ್ಣವನ್ನು ಮಾತ್ರ ಮಾರಿದೆನು ಅನ್ನುವನು. ಅಚ್ಚುಹಾಕಿದವನು, ಕೊಟ್ಟದ್ದನ್ನು ಅಚ್ಚುಹಾಕಿದೆನು ಅನ್ನುವನು. ಬರೆದವನು, ಹೇಳಿದ್ದನ್ನು ಬರೆದೆನು ಅನ್ನುವನು. ಹೀಗೆ ಮೂವರೂ ಕೈ ತೊಳೆದುಕೊಂಡರೆ ಪಿಲಾತನ ಬೋಗುಣಿಯಲ್ಲಿ ನೀರು ಸಾಲದು.

ಲೋಕದ ಕಾನೂನು ಸಹ ಈ ನೆವವನ್ನು ಒಪ್ಪುವದಿಲ್ಲ. 1954ರಲ್ಲಿ ನಮ್ಮ ದೇಶದಲ್ಲಿ ಔಷಧಗಳ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ವಿಷಯವಾಗಿ ಒಂದು ಕಾನೂನು ಆಯಿತು. ಅದರ ಪಟ್ಟಿಯಲ್ಲಿ ಹೇಳಿದ ರೋಗಗಳನ್ನು ಗುಣಪಡಿಸುವದಾಗಿ ಸಾರುವ ಜಾಹೀರಾತಿನ ಪ್ರಕಟನೆಯಲ್ಲಿ ಯಾರೂ ಯಾವ ಭಾಗವನ್ನೂ ತೆಗೆದುಕೊಳ್ಳಬಾರದೆಂದು ಅದು ವಿಧಿಸುತ್ತದೆ. ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿದೆ. ಜಾಹೀರಾತಿನ ವೃತ್ತಿಯವರೇ 1985ರಲ್ಲಿ ಒಂದು ಮಂಡಲಿಯನ್ನು ಸ್ಥಾಪಿಸಿ, ಸತ್ಯವಲ್ಲದ ಮಾತನ್ನು ಸಾರಬಾರದೆಂದು ತಮಗೆ ತಾವೇ ನಿಯಮಗಳನ್ನು ಮಾಡಿಕೊಂಡಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾನೂನಿನ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿಗಾಗಿ ಸರಕು ಮಾಡಿದವನಿಗೂ ಅದರ ಪರವಾಗಿ ಸಾಕ್ಷಿ ಹೇಳಿದವನಿಗೂ 10 ಲಕ್ಷ ರೂಪಾಯಿಯ ತನಕ ದಂಡ ವಿಧಿಸಬಹುದು.

ಹಾಗಾದರೆ ಆ ಯೌವನಸ್ಥನು ಏನು ಮಾಡಬೇಕು? ಬರೆಯಬಾರದು. ಇದನ್ನು ಹೇಳುವದು ನಮಗೆ ಸುಲಭ. ಅವನಿಗೆ ಆ ತಿಂಗಳು ಕಷ್ಟ. ಅದನ್ನು ನಾವು ಮರೆಯಬಾರದು. ಆದರೆ ಬೇಡವೆಂದು ಹೇಳುವ ಮುಂಚೆ ಅವನು ಮಾಡಬಹುದಾದ ಒಂದು ಕೆಲಸವುಂಟು. ಈ ಚೂರ್ಣದಲ್ಲಿ ನಿಜವಾಗಿ ಏನಿದೆ, ಇದಕ್ಕೆ ಸರಕಾರದ ಅಪ್ಪಣೆಯುಂಟೋ, ವೈದ್ಯರ ಪರೀಕ್ಷೆಯುಂಟೋ ಎಂದು ವ್ಯಾಪಾರಿಯನ್ನು ವಿನಯದಿಂದ ಕೇಳಬಹುದು. ಪ್ರಾಮಾಣಿಕನಾದ ವ್ಯಾಪಾರಿಯು ಈ ಪ್ರಶ್ನೆಗೆ ಸಿಟ್ಟಾಗುವದಿಲ್ಲ. ಕೆಲವು ಸಾರಿ ಅವನೇ ತಪ್ಪಾದ ಮಾತನ್ನು ತೆಗೆದುಹಾಕಿ ತಕ್ಕ ಮಾತನ್ನು ಬರೆಯಿಸುವನು. ಸಿಟ್ಟಾಗುವವನು ತನ್ನ ಸರಕಿನ ಬೆಲೆಯನ್ನು ತಾನೇ ಹೇಳಿದ ಹಾಗಾಯಿತು. ಇಂಥ ಸಮಯದಲ್ಲಿ ಸಭೆಯು ಆ ಯೌವನಸ್ಥನ ಒಳ್ಳೇತನವನ್ನು ಹೊಗಳಿದರೆ ಸಾಲದು. ಅವನ ಮನೆಯ ಅಕ್ಕಿಯ ಡಬ್ಬಿಯನ್ನೂ ವಿಚಾರಿಸಬೇಕು.

ಈಗ ಗಣಕಯಂತ್ರವೂ ಕೇಳಿದ ಕೂಡಲೆ ವಾಕ್ಯಗಳನ್ನು ಕಟ್ಟಿಕೊಡುತ್ತದೆ. ಅದರಿಂದ ಪ್ರಯೋಜನವುಂಟು; ಆದರೆ ಸುಳ್ಳಿಗೆ ನಾಚುವ ಮುಖ ಅದಕ್ಕಿಲ್ಲ. ಆದದರಿಂದ ಆ ಮಾತನ್ನು ತನ್ನ ಕೈಯಿಂದ ಹೊರಗೆ ಕಳುಹಿಸುವವನೇ ಅದಕ್ಕೆ ಉತ್ತರವಾದಿ.

7. ಕೂಲಿಯ ವಿಷಯ

ಕೆಲಸದವನು ತನ್ನ ಕೂಲಿಗೆ ಯೋಗ್ಯನೆಂದು ಕರ್ತನೇ ಕಲಿಸಿದ್ದಾನೆ. ಬರೆಯುವವನು ಇದನ್ನು ಹೇಳಲಿಕ್ಕೆ ನಾಚಬಾರದು. ಕೆಲಸವನ್ನು ಹಿಡಿಯುವ ಮುಂಚೆ ಏನು ಬರೆಯಬೇಕು, ಎಷ್ಟು ಬರೆಯಬೇಕು, ಯಾವ ದಿವಸಕ್ಕೆ ಕೊಡಬೇಕು, ತಿದ್ದುವದು ಎಷ್ಟು ಸಾರಿ, ಹಣ ಯಾವಾಗ ಬರುವದು ಎಂಬ ಐದು ಸಂಗತಿಗಳನ್ನು ಕಾಗದದಲ್ಲಿ ಬರೆದಿಡಲಿ. ಬಾಯಿಮಾತಿನ ಒಪ್ಪಂದದಿಂದ ಸ್ನೇಹ ಕೆಡುವದೇ ಹೆಚ್ಚು.

1957ರ ಕೃತಿಸ್ವಾಮ್ಯದ ಕಾನೂನನ್ನೂ ಅವನು ತಿಳಿದಿರಬೇಕು. ಸಂಬಳದ ಕೆಲಸದಲ್ಲಿ ಬರೆದದ್ದು ಬೇರೆ ಒಪ್ಪಂದವಿಲ್ಲದಿದ್ದರೆ ಧಣಿಯ ಸ್ವತ್ತು. ಆದರೆ ಸ್ವತಂತ್ರನಾಗಿ ಬರೆದ ಕಥೆ, ಲೇಖನ ಮುಂತಾದವುಗಳಿಗೆ ಮೊದಲನೆಯ ಯಜಮಾನನು ಬರೆದವನೇ. ಆ ಹಕ್ಕನ್ನು ಮತ್ತೊಬ್ಬನಿಗೆ ಕೊಡಬೇಕಾದರೆ ಬರಹದ ಮೂಲಕ, ರುಜುವಿನೊಡನೆ ಕೊಡಬೇಕು. ಎಷ್ಟು ಕಾಲಕ್ಕೆಂದು ಪತ್ರದಲ್ಲಿ ಹೇಳದಿದ್ದರೆ ಅದು 5 ವರ್ಷಗಳಿಗೆ ಮಾತ್ರ ಕೊಟ್ಟದ್ದೆಂದು ಎಣಿಸಲ್ಪಡುವದು. ಹೊಲವನ್ನು ಗೇಣಿಗೆ ಕೊಡುವಾಗ ಚೀಟಿಯನ್ನು ಓದುವ ನಾವು, ಬರಹವನ್ನು ಕೊಡುವಾಗ ಓದದೆ ರುಜು ಹಾಕುವದು ಬುದ್ಧಿಯಲ್ಲ.

ಕೆಲಸ ಮಾಡಿಸುವವರಿಗೂ ಒಂದು ಮಾತು. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟವರನ್ನು ಯಾಕೋಬನು ತನ್ನ ಪತ್ರದಲ್ಲಿ ಎಷ್ಟು ಕಠಿಣವಾಗಿ ಗದರಿಸಿದ್ದಾನೆಂಬದನ್ನು ನೀವು ಬಲ್ಲಿರಿ. ಸಭೆಯ ಸ್ಮರಣಸಂಚಿಕೆಗೆ, ಕ್ರಿಸ್ಮಸ್ ನಾಟಕಕ್ಕೆ, ಸಂಘದ ವರದಿಗೆ ನಮ್ಮ ಯೌವನಸ್ಥರಿಂದ ಬರೆಯಿಸಿಕೊಳ್ಳುವಾಗ, ಪೆಂಡಾಲು ಹಾಕಿದವನಿಗೂ ಅಡಿಗೆ ಮಾಡಿದವನಿಗೂ ಹಣವನ್ನು ಎಣಿಸಿ ಕೊಟ್ಟು, ಮೂರು ರಾತ್ರಿ ಕೂತು ಬರೆದವನಿಗೆ ಕೈಕುಲುಕಿ ಕಳುಹಿಸುವದು ಅನೇಕ ಕಡೆಗಳಲ್ಲಿ ವಾಡಿಕೆಯಾಗಿದೆ. ಅವನು ಅದನ್ನು ಕಾಣಿಕೆಯಾಗಿ ಕೊಟ್ಟರೆ ಸಂತೋಷ. ಆದರೆ ಕಾಣಿಕೆಯನ್ನು ಕೊಡತಕ್ಕವನು ಅವನು, ಕಿತ್ತುಕೊಳ್ಳತಕ್ಕವರು ನಾವಲ್ಲ.

8. ಮುಕ್ತಾಯ

ಹೀಗೆ ಮೂರು ಪ್ರಶ್ನೆಗಳಿಗೂ ಉತ್ತರ ದೊರೆಯಿತು. ಬರೆಯುವದು ಕೆಲಸವೇ, ಬಾರೂಕನ ಎರಡನೆಯ ಸುರುಳಿ ಅದಕ್ಕೆ ಸಾಕ್ಷಿ. ಹಲವು ಬಗೆಯಾಗಿ ಬರೆಯುವದು ಚಂಚಲತೆಯಲ್ಲ. ಮೋಗ್ಲಿಂಗ್, ಕಿಟೆಲ್, ಪಂಜೆಯವರು ಅದಕ್ಕೆ ಸಾಕ್ಷಿ. ಕೂಲಿಗೆ ಬರೆದ ಮಾತಾದರೂ ಬರೆದವನ ಮಾತೇ. ಹಣದೊಂದಿಗೆ ಬರಹವು ಕೈಬದಲಾಗಬಹುದು, ಲೆಕ್ಕವು ಕೈಬದಲಾಗುವದಿಲ್ಲ. ಮನುಷ್ಯರು ಆಡುವ ವ್ಯರ್ಥವಾದ ಮಾತುಗಳಿಗೂ ನ್ಯಾಯತೀರ್ಪಿನ ದಿನದಲ್ಲಿ ಲೆಕ್ಕ ಕೊಡಬೇಕೆಂದು ಕರ್ತನು ಹೇಳಿರುವಾಗ, ಹಣ ಪಡೆದು, ಆಲೋಚಿಸಿ, ತಿದ್ದಿ ಬರೆದ ಮಾತಿಗೆ ಲೆಕ್ಕವಿಲ್ಲದೆ ಇರುವದೇ? ಇದು ಬರೆಯುವವನಿಗೆ ಭಯವನ್ನು ಮಾತ್ರವಲ್ಲ, ಮಾನವನ್ನೂ ಕೊಡುವ ಮಾತು. ಯಾಕಂದರೆ ಹೆಸರಿಲ್ಲದೆ ಬರೆದ ಸತ್ಯವಾದ ನಾಲ್ಕು ಸಾಲುಗಳೂ ಆ ಲೆಕ್ಕದಲ್ಲಿ ಸೇರಿವೆ.

ಸಭೆಯಲ್ಲಿಯೂ ಮನೆಯಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

1. ಬಾರೂಕ, ತೆರ್ತ್ಯ, ಲೂಕ ಇವರಲ್ಲಿ ಒಬ್ಬೊಬ್ಬನಿಂದ ಬರೆಯುವವನು ಕಲಿಯತಕ್ಕ ಗುಣ ಯಾವದು?
2. ತನ್ನ ನಂಬಿಕೆಗೆ ಸೇರದ ಗ್ರಂಥವನ್ನು ಕೆಡಿಸದೆ ಅಚ್ಚುಹಾಕಿಸಿದ್ದರಿಂದ ಮೋಗ್ಲಿಂಗ್ ಅಯ್ಯನವರು ನಮಗೆ ಏನನ್ನು ಕಲಿಸಿದರು?
3. ನಿಮ್ಮ ಮನೆಗೆ ಬಂದ ಒಂದು ಜಾಹೀರಾತನ್ನು ತೆಗೆದುಕೊಂಡು ಓದಿರಿ. ಅದರ ಯಾವ ಮಾತಿಗೆ ಸಾಕ್ಷಿಯುಂಟು, ಯಾವ ಮಾತಿಗೆ ಇಲ್ಲ?
4. ದೃಷ್ಟಾಂತದಲ್ಲಿ ಹೇಳಿದ ಯೌವನಸ್ಥನು ಕೆಲಸವನ್ನು ಬಿಟ್ಟರೆ, ಆ ತಿಂಗಳು ನಮ್ಮ ಸಭೆಯು ಅವನ ಕುಟುಂಬಕ್ಕೆ ಏನು ಮಾಡುವದು?
5. ಕಳೆದ ವರ್ಷ ನಮ್ಮ ಸಭೆಗಾಗಿ ಬರೆದುಕೊಟ್ಟವರು ಯಾರು? ಅವರ ಕೂಲಿ ಸಂದಿತೋ?